ಹಿತ್ತಲ ಪ್ರಾಣಿ ಮುದ್ದಲ್ಲವೇ?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಾನೊಂದು ಬಾಲ ಜೋಡಿಸಿದ್ದೇನೆ: ಹಿತ್ತಲ ಪ್ರಾಣಿ ಮುದ್ದಲ್ಲ. ಏಳು ಸಮುದ್ರದಾಚೆಯ ಇಂಗ್ಲೆಂಡಿನ ತೋಟಗಳಲ್ಲಿ ಓಡಾಡುವ ಹೆಡ್ಜ್‌ಹಾಗ್ ಎಂಬ ಮುಳ್ಳಿನ ಉಂಡೆ ನಮಗೆ ಬಲು ಮುದ್ದು. ಅದರ ಚಿತ್ರವಿರುವ ಕಂಪಾಸು, ನೀರಿನ ಬಾಟಲಿ, ಚಾದರ ಎಲ್ಲವನ್ನೂ ಮಕ್ಕಳಿಗೆ ದುಡ್ಡು ಕೊಟ್ಟು ತರುತ್ತೇವೆ. ಅದೇ ಹೆಡ್ಜ್‌ಹಾಗಿನ ದೂರದ ನಂಟ ನಮ್ಮ ಬಚ್ಚಲ ಹಿಂದೆ ಸಂಜೆ ಮೂತಿ ತೋರಿಸಿದರೆ ಕಸಬರಿಗೆ ಎತ್ತುತ್ತೇವೆ. ಈ ಎರಡು ತಕ್ಕಡಿಯ ನ್ಯಾಯದ ಮೇಲೆ ಜಗಳ ತೆಗೆಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಓದುವ ಅಕ್ಕತಂಗಿಯರು ಸಿಟ್ಟಾದರೂ ಚಿಂತೆಯಿಲ್ಲ, ಕೊನೆಯವರೆಗೆ ಓದಿ ಸಿಟ್ಟಾಗಬೇಕು.

ನನ್ನ ತವರು ಸುರಪುರ, ಕೊಟ್ಟ ಮನೆ ಶಹಾಪುರ, ನೌಕರಿ ಯಾದಗಿರಿಯಲ್ಲಿ. ಅರ್ಧ ಆಯುಷ್ಯವನ್ನು ಬಸ್ಸಿನ ಕಿಟಕಿಯಲ್ಲಿ ಕಳೆದ ನನಗೆ ಈ ಮೂರೂ ಊರಿನ ಹಿತ್ತಲುಗಳ ಪರಿಚಯ ಚೆನ್ನಾಗಿದೆ. ಶಹಾಬಾದಿನ ಫರಸಿಕಲ್ಲು ಹಾಸಿದ ಬಚ್ಚಲು, ಬಟ್ಟೆ ಒಗೆಯುವ ಬಂಡೆ, ಬಚ್ಚಲ ನೀರು ಕುಡಿದು ದಷ್ಟಪುಷ್ಟವಾದ ಬಾಳೆ, ಒಂದು ಕರಿಬೇವು, ಒಂದು ನುಗ್ಗಿ, ಮೂಲೆಯಲ್ಲಿ ಕಟ್ಟಿಗೆ ಕುಳ್ಳು. ಆ ಕಟ್ಟಿಗೆಯ ಕೆಳಗೆ ಒಂದು ಸುಂಡಿಲಿಯ ಸಂಸಾರ. ಸುಂಡಿಲಿ ಅನ್ನಿ, ಸೊಂಡಿಲಿ ಅನ್ನಿ, ಪಕ್ಕದ ಮನೆಯ ಆಪಾ ಅನ್ನುವಂತೆ ಛಛೂಂದರ್ ಅನ್ನಿ, ಎಲ್ಲವೂ ಅದೇ.

ನಾದಿನಿಯ ಮಗಳು ಇಂಗ್ಲಿಷ್ ಮೀಡಿಯಮ್ಮಿನ ಮೂರನೇ ಇಯತ್ತೆಯಲ್ಲಿ ಓದುತ್ತಾಳೆ. ಅವಳ ಚಿತ್ರಪುಸ್ತಕದಲ್ಲಿ ಹೆಡ್ಜ್‌ಹಾಗ್ ಒಂದು ಎಲೆಯ ಗುಡ್ಡೆಯಿಂದ ಇಣುಕುತ್ತಿದೆ. "ಅತ್ತಿ, ಇದು ನಮ್ಮ ಹಿತ್ತಲಿಗೆ ಯಾಕ ಬರಂಗಿಲ್ಲ? ನಾನು ಹಾಲು ಇಡ್ತೀನಿ" ಎಂದಳು. ಅವಳಿಗೆ ಶಾಲೆಯಲ್ಲಿ ಅದರ ಅರ್ಥ "ಮುಳ್ಳುಹಂದಿ" ಎಂದು ಹೇಳಿಕೊಟ್ಟಿದ್ದಾರೆ. ಇಲ್ಲಿಂದಲೇ ತಕರಾರು ಶುರು. ನಮ್ಮ ಗುಡ್ಡಗಾಡಿನ ಮುಳ್ಳುಹಂದಿ ಹತ್ತು ಕಿಲೋಗೂ ಹೆಚ್ಚು ತೂಗುವ, ಗೇಣುದ್ದಕ್ಕೂ ಮೀರಿದ ಮುಳ್ಳಿನ, ಗೆಡ್ಡೆ ಗೆಣಸು ಕಡಿಯುವ ಪ್ರಾಣಿ. ಅದು ಇಲಿ ಅಳಿಲುಗಳ ಕುಲದ್ದು. ಹೆಡ್ಜ್‌ಹಾಗ್ ಎರಡು ಅಂಗೈಯಲ್ಲಿ ಹಿಡಿಸುವಷ್ಟೇ ಇರುವ, ಹುಳ ಹುಪ್ಪಟೆ ತಿನ್ನುವ ಬೇರೆಯೇ ಜೀವ. ಇದಕ್ಕೆ ಮುಳ್ಳಿಲಿ ಎಂಬ ಹೆಸರು ಒಪ್ಪುತ್ತದೆ. ತಮಿಳರು ತಮ್ಮಲ್ಲಿರುವ ಇಂಥ ಪ್ರಾಣಿಯನ್ನು ಹಾಗೆಯೇ, ಮುಳ್ಳೆಲಿ ಎಂದೇ ಕರೆಯುತ್ತಾರೆ. ಇನ್ನು ಹಾಲಿನ ಮಾತು: ಮುಳ್ಳಿಲಿಗೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಅತಿಥಿಗೆ ಹಾಲು ಕೊಡುವುದು ನಮ್ಮ ಸಂಪ್ರದಾಯ ನಿಜ, ಆದರೆ ಅತಿಥಿಯ ಹೊಟ್ಟೆಯನ್ನೂ ಕೇಳಬೇಕಲ್ಲ.

ಮುಳ್ಳಿಲಿ ಬರೀ ವಿಲಾಯತಿಯ ಪ್ರಾಣಿಯೇನೂ ಅಲ್ಲ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಒಂದು ಜಾತಿಯಿದೆ. ತಮಿಳುನಾಡಿನ ಕುರುಚಲು ಕಾಡಿನಲ್ಲಿ ಇನ್ನೊಂದು, ಅದಕ್ಕೆ ಮದ್ರಾಸ್ ಹೆಡ್ಜ್‌ಹಾಗ್ ಎಂದೇ ಹೆಸರು. 1851ರಲ್ಲಿ ಹಾರ್ಸ್‌ಫೀಲ್ಡ್ ಎಂಬ ವಿಜ್ಞಾನಿ ಅದನ್ನು ಮೊದಲು ವರ್ಣಿಸಿದ. ಅಲ್ಲಿಯೂ ಅದರ ಗತಿ ಸುಖದ್ದಲ್ಲ. ಮಕ್ಕಳ ಕೆಮ್ಮಿಗೆ ಔಷಧಿಯೆಂದು ಅದರ ಮುಳ್ಳು ಚರ್ಮ ಸುಟ್ಟು ಕೊಡುವ ರೂಢಿಯಿಂದ ಎಷ್ಟೋ ಪ್ರಾಣಿಗಳು ಸತ್ತಿವೆ. ನಮ್ಮ ಮೂರು ಊರಿನ ಹಿತ್ತಲುಗಳಲ್ಲಿ ಮಾತ್ರ ನಾನು ಮುಳ್ಳಿಲಿಯನ್ನು ಕಂಡಿಲ್ಲ, ಕಂಡೆನೆಂದವರನ್ನೂ ಕಂಡಿಲ್ಲ. ಹುಡುಗಿಗೆ ಹೇಳಿದೆ: "ಅದು ಬರಂಗಿಲ್ಲವ್ವ. ಅದರ ಬೀಗರು ಬರ್ತಾರ, ರಾತ್ರಿ ತೋರಸ್ತೀನಿ."

ಬೀಗರು ಎಂದದ್ದು ತಮಾಷೆಗಲ್ಲ. ಹಳೆಯ ಪ್ರಾಣಿಶಾಸ್ತ್ರದ ಪುಸ್ತಕಗಳು ಮುಳ್ಳಿಲಿಯನ್ನೂ ಸುಂಡಿಲಿಯನ್ನೂ "ಕೀಟಾಹಾರಿಗಳು" ಎಂಬ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದವು. ಇಂದಿನ ಶಾಸ್ತ್ರ ಪಂಕ್ತಿಯ ಹೆಸರು ಬದಲಿಸಿ ಯೂಲಿಪೋಟಿಫ್ಲಾ ಎಂದಿದೆ, ಆದರೆ ಇವೆರಡನ್ನೂ ಎಬ್ಬಿಸಿಲ್ಲ. ಇಲಿಯ ಪಂಕ್ತಿ ಬೇರೆ, ಮನೆ ಬೇರೆ. ಇಲಿಗೆ ಜೀವನಪೂರ್ತಿ ಬೆಳೆಯುವ ಎರಡು ಜೊತೆ ಉಳಿಹಲ್ಲುಗಳಿವೆ. ಅವು ಸವೆಯಲೆಂದು ಅದು ಸೀರೆ, ಚೀಲ, ವೈರು, ಬಾಗಿಲು ಎಲ್ಲವನ್ನೂ ಕಡಿಯುತ್ತದೆ. ಸುಂಡಿಲಿಗೆ ಅಂಥ ಹಲ್ಲಿಲ್ಲ. ಅದು ನಿಮ್ಮ ಇಳಕಲ್ ಸೀರೆಗೆ ಬಾಯಿ ಹಾಕುವ ಪ್ರಾಣಿಯಲ್ಲ, ತೊಗರಿ ಚೀಲಕ್ಕೆ ತೂತು ಮಾಡುವ ಪ್ರಾಣಿಯೂ ಅಲ್ಲ. ಇಲಿ ಮಾಡಿದ ಕಳವಿಗೆ ಸುಂಡಿಲಿ ಶಿಕ್ಷೆ ಅನುಭವಿಸುತ್ತಿದೆ. ಹೆಸರಿನ ಕೊನೆಯಲ್ಲಿ "ಇಲಿ" ಎಂದು ಅಂಟಿಕೊಂಡದ್ದೇ ಅದರ ತಪ್ಪು.

ಹಾಗಾದರೆ ಅದು ತಿನ್ನುವುದೇನು? ಜಿರಳೆ, ಮಿಡತೆ, ಚಿಮ್ಮಂಡೆ, ಎರೆಹುಳು, ಗೊಬ್ಬರದ ಹುಳು, ಸಿಕ್ಕರೆ ಕಣ್ಣು ಬಿಡದ ಇಲಿಮರಿ. ನಾವು ತಿಂಗಳಿಗೊಮ್ಮೆ ಮೂಗು ಮುಚ್ಚಿಕೊಂಡು ಬಚ್ಚಲ ಮೋರಿಗೆ ಹೊಡೆಯುವ ಜಿರಳೆ ಸ್ಪ್ರೇಯ ಕೆಲಸವನ್ನು ಇದು ಪಗಾರವಿಲ್ಲದೆ ಮಾಡುತ್ತದೆ. ಅದರ ಒಳಗಿನ ಒಲೆ ಎಷ್ಟು ಜೋರಾಗಿ ಉರಿಯುತ್ತದೆಂದರೆ ಕೆಲವು ತಾಸು ಊಟ ಸಿಗದಿದ್ದರೆ ಸತ್ತೇ ಹೋಗುತ್ತದೆ. ಆದ್ದರಿಂದಲೇ ಸಂಜೆಯಿಂದ ಬೆಳಗಿನವರೆಗೆ ಗೋಡೆಗುಂಟ ಮೂಗು ಆಡಿಸುತ್ತ ಓಡುತ್ತದೆ. ಕಣ್ಣು ಸಾಸಿವೆಯಷ್ಟು, ದೃಷ್ಟಿ ಮಂದ. ಮೂಗು ಮೀಸೆಗಳೇ ಅದರ ಕಣ್ಣು. ಗುರುತು ಸುಲಭ: ಕೆಳದವಡೆಗಿಂತ ಮುಂದೆ ಚಾಚಿದ ಚೂಪು ಮೂತಿ, ಬೂದು ಮೈ, ಬುಡದಲ್ಲಿ ದಪ್ಪನಾಗಿ ಅಲ್ಲಲ್ಲಿ ಉದ್ದ ಕೂದಲಿರುವ ಬಾಲ, ಚಿಲ್ಲರೆ ಎಣಿಸಿದಂಥ ಚಿಣ್ ಚಿಣ್ ದನಿ.

ಇಂಗ್ಲಿಷರು ತಮ್ಮ ಮುಳ್ಳಿಲಿಗೆ ಕೊಟ್ಟ ಮರ್ಯಾದೆ ನೋಡಿ. ಬಿಯಾಟ್ರಿಕ್ಸ್ ಪಾಟರ್ ಎಂಬ ಲೇಖಕಿ 1905ರಲ್ಲಿ ಒಂದು ಮಕ್ಕಳ ಪುಸ್ತಕ ಬರೆದಳು. ಅದರಲ್ಲಿ ಮುಳ್ಳಿಲಿ ಒಬ್ಬ ಅಗಸಗಿತ್ತಿ, ಊರಿನ ಪ್ರಾಣಿಗಳ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕೊಡುವ ಗಯ್ಯಾಳಿಯಲ್ಲದ ಗರತಿ. ನೂರಾ ಇಪ್ಪತ್ತು ವರ್ಷ ಕಳೆದರೂ ಮಕ್ಕಳು ಅವಳನ್ನು ಓದುತ್ತಲೇ ಇದ್ದಾರೆ. ನಮ್ಮ ಒಗೆಯುವ ಬಂಡೆಯ ಕೆಳಗೇ ಬಾಳುವ ಸುಂಡಿಲಿಗೆ ಸಿಕ್ಕಿದ್ದೇನು? ಸುಂಡಿಲಿಯ ತಲೆಗೆ ಮಲ್ಲಿಗೆ ಎಣ್ಣೆ ಎಂದು ಹಿಂದಿಯಲ್ಲೊಂದು ಅಣಕದ ಗಾದೆ. ಮನುಸ್ಮೃತಿಯ 12ನೇ ಅಧ್ಯಾಯವಂತೂ ಸುಗಂಧ ದ್ರವ್ಯ ಕದ್ದವರು ಮುಂದಿನ ಜನ್ಮದಲ್ಲಿ ಸುಂಡಿಲಿಯಾಗುತ್ತಾರೆ ಎನ್ನುತ್ತದೆ. ಯಾರನ್ನಾದರೂ ಕೀಳು ಮಾಡಬೇಕಾದರೆ ಮೊದಲು ಅವರ ಹುಟ್ಟಿಗೇ ಒಂದು ಕಳಂಕ ಹಚ್ಚುವುದು ಹಳೆಯ ಚಾಳಿ. ಹೆಣ್ಣುಮಕ್ಕಳಾದ ನಮಗೆ ಆ ಚಾಳಿಯ ಪರಿಚಯ ಸಾಕಷ್ಟಿದೆ, ಬೇರೆ ಯಾರೂ ವಿವರಿಸಬೇಕಾಗಿಲ್ಲ.

"ಆದ್ರ ನಾರ್ತದಲ್ರೀ!" ಎನ್ನುತ್ತೀರಿ. ನಾರುತ್ತದೆ, ಇಲ್ಲವೆಂದವರಾರು? ಅದರ ಪಕ್ಕೆಗಳಲ್ಲಿ ಕಸ್ತೂರಿಯಂಥ ಘಾಟು ಬಿಡುವ ಗ್ರಂಥಿಗಳಿವೆ. ಬೆಕ್ಕು ಅದನ್ನು ಕೊಂದರೂ ಎಷ್ಟೋ ಸಲ ತಿನ್ನದೆ ಬಿಟ್ಟುಹೋಗುವುದು ಆ ವಾಸನೆಗೇ. ಮುಳ್ಳಿಲಿಗೆ ಮುಳ್ಳು ಹೇಗೋ ಇದಕ್ಕೆ ವಾಸನೆ ಹಾಗೆ. ಮುಳ್ಳನ್ನು ಕಂಡು "ಅಯ್ಯೋ ಪಾಪ, ಎಷ್ಟು ಚೆಂದ" ಅನ್ನುವ ನಾವು ವಾಸನೆಗೆ ಮಾತ್ರ ಮರಣದಂಡನೆ ವಿಧಿಸುತ್ತೇವೆ. ಹಿತ್ತಲಲ್ಲಿ ಓಡಾಡುವಾಗ ಆ ವಾಸನೆ ಗಾಳಿಗೆ ಹೋಗುತ್ತದೆ. ಅಟ್ಟಿಸಿಕೊಂಡು ಮೂಲೆಗೆ ಒತ್ತಿದಾಗಲೇ ಅದು ಮನೆಯೆಲ್ಲ ತುಂಬುವುದು. ಅಂದರೆ ನಾರುವುದರಲ್ಲಿ ಅರ್ಧ ಪಾಲು ನಮ್ಮ ಕಸಬರಿಗೆಯದು.

"ರೋಗ ಬರ್ತಾವ" ಎಂಬುದು ಎರಡನೆಯ ಮಾತು. ಇದು ತಳ್ಳಿಹಾಕುವ ಮಾತಲ್ಲ. ಸುಂಡಿಲಿಯ ಮೈಮೇಲೆ ಚಿಗಟಗಳಿರುತ್ತವೆ, ಅದರ ಮೂತ್ರದಿಂದ ರೋಗಾಣು ಹರಡಬಹುದು. ಆದ್ದರಿಂದ ಅದನ್ನು ಕೈಯಿಂದ ಮುಟ್ಟಬಾರದು, ಅಡುಗೆಮನೆಗೆ ಬಿಡಬಾರದು. ಬಾಗಿಲ ಕೆಳಗಿನ ಸಂದಿಗೆ ಒಂದು ಪಟ್ಟಿ ಹೊಡೆಸಿ, ಮೋರಿಯ ಬಾಯಿಗೆ ಜಾಳಿಗೆ ಹಾಕಿಸಿ, ರೊಟ್ಟಿ ಬುಟ್ಟಿ ಮುಚ್ಚಿಡಿ, ಕೋಳಿಮರಿ ಇದ್ದರೆ ರಾತ್ರಿ ಗೂಡು ಭದ್ರ ಮಾಡಿ. ಒಳಗೆ ನಮ್ಮ ಸಂಸಾರ, ಹೊರಗೆ ಅದರ ಸಂಸಾರ. ನಾನು ಕೇಳುತ್ತಿರುವುದು ಹೊಸ್ತಿಲ ಆಚೆಯ ಜಾಗವನ್ನು ಮಾತ್ರ. "ಅದು ಇದ್ದಲ್ಲಿ ಹಾವು ಬರ್ತದ" ಎಂಬ ಮೂರನೆಯ ಮಾತಿಗೆ ಉತ್ತರ ಇನ್ನೂ ಸುಲಭ. ಚೆಲ್ಲಿದ ಕಾಳಿಗೆ, ಮುಸುರೆ ಗುಂಡಿಗೆ ಇಲಿ ಹೆಗ್ಗಣ ಬರುತ್ತವೆ, ಅವುಗಳ ಹಿಂದೆ ಹಾವು ಬರುತ್ತದೆ. ಕಾಳು ಚೆಲ್ಲದಿರುವುದು, ಮುಸುರೆ ಮುಚ್ಚುವುದು ನಮ್ಮ ಕೈಯಲ್ಲಿದೆ.

ಈಗ ನನ್ನ ಹೊಟ್ಟೆಯುರಿಯ ವಿಷಯಕ್ಕೆ ಬರುತ್ತೇನೆ. ಯಾದಗಿರಿಯ ಅಂಗಡಿಯೊಂದರಲ್ಲಿ ಸೋಪು ಕೊಳ್ಳಲು ಹೋದಾಗ ಅಂಗಡಿಯವನು ಒಂದು ರಟ್ಟಿನ ಪುಸ್ತಕ ಮುಂದಿಟ್ಟ. ತೆರೆದರೆ ಒಳಗೆ ಅಂಟು. "ಮೇಡಂ, ಪಾಷಾಣದ ಕಿರಿಕಿರಿ ಇಲ್ಲ, ಮಕ್ಕಳಿಗೂ ಸೇಫ್" ಎಂದ. ಮಕ್ಕಳಿಗೆ ಸೇಫ್ ಎಂಬ ಆ ಹಲಗೆಯನ್ನು ನಮ್ಮ ಓಣಿಯ ಮನೆಯೊಂದರಲ್ಲಿ ನೋಡಿದ್ದೇನೆ. ಅದರ ಮೇಲೆ ತಾಯಿ ಸುಂಡಿಲಿಯೊಂದು ನಾಲ್ಕೂ ಕಾಲು ಅಂಟಿ, ಮೂತಿ ಎತ್ತಲಾಗದೆ, ಬೆಳಗಿನವರೆಗೂ ಕಿರುಚಿತ್ತು. ಅದರ ಹಿಂದೆ ಎರಡು ಮರಿ. ಸುಂಡಿಲಿಯ ಮರಿಗಳು ತಾಯಿಯ ಬಾಲದ ಬುಡವನ್ನು ಒಂದು, ಅದರ ಬುಡವನ್ನು ಇನ್ನೊಂದು ಕಚ್ಚಿ ಹಿಡಿದು ಸಾಲಾಗಿ ಹೋಗುತ್ತವೆ. ಹಾಗೆ ಹಿಡಿದುಕೊಂಡೇ ಅವೂ ಅಂಟಿದ್ದವು. ಆ ಮನೆಯ ಸೊಸೆಗೆ ಅದನ್ನು ತಿಪ್ಪೆಗೆ ಎಸೆದು ಬರುವ ಕೆಲಸ ಬಿದ್ದಿತ್ತು. ತಂದವರು ಗಂಡಸರು, ಎಸೆಯಬೇಕಾದವಳು ಅವಳು. ಅವಳು ಎರಡು ದಿನ ಊಟ ಸೇರಲಿಲ್ಲವೆಂದಳು.

ಅಂಟಿನ ಹಲಗೆಯನ್ನು ಬಳಸಬಾರದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೂ 2020ರಲ್ಲೂ ರಾಜ್ಯಗಳಿಗೆ ಬರೆದಿದೆ. ಪ್ರಾಣಿಗಳನ್ನು ಹಿಂಸಿಸುವುದರ ವಿರುದ್ಧ 1960ರಿಂದಲೇ ಕಾನೂನಿದೆ. ಇಷ್ಟಾದರೂ ಅದು ಸೋಪಿನ ಪಕ್ಕದಲ್ಲಿ ಕುಳಿತಿರುತ್ತದೆ, ಏಕೆಂದರೆ ಕೊಳ್ಳುವವರಿದ್ದಾರೆ. ಪಾಷಾಣವೂ ಇದಕ್ಕಿಂತ ಸಜ್ಜನವಲ್ಲ. ಈಗ ಸಿಗುವ ಇಲಿ ಬಿಸ್ಕತ್ತುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದಿರುತ್ತದೆ. ತಿಂದ ಇಲಿ ಒಳಗೇ ರಕ್ತ ಸೋರಿ ಸಾಯಲು ದಿನಗಳು ಬೇಕು. ಆ ದಿನಗಳಲ್ಲಿ ಅದು ತೂರಾಡುತ್ತ ಓಡಾಡುವಾಗ ಬೆಕ್ಕು, ಮುಂಗುಸಿ, ಗೂಬೆ ಅದನ್ನು ಹಿಡಿಯುತ್ತವೆ. ವಿಷ ಅವುಗಳಿಗೂ ದಾಟುತ್ತದೆ. ಇಲಿ ತಿನ್ನುವವರನ್ನೂ ಕೊಂದು, ಮರುವರ್ಷ ಇಲಿ ಹೆಚ್ಚಾದವೆಂದು ಮತ್ತೆ ಬಿಸ್ಕತ್ತು ತರುತ್ತೇವೆ. ಅಂಗಡಿಯವನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದಿದೆ?

ಅಂಟು, ಪಾಷಾಣಗಳಿಗಿಂತ ದೊಡ್ಡ ಶತ್ರು ಇನ್ನೊಂದಿದೆ, ಅದು ಸಿಮೆಂಟು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮೂರೂ ಊರುಗಳ ಹಿತ್ತಲುಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿವೆ. 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾದ ಮೇಲೆ ನಿವೇಶನದ ಬೆಲೆ ಏರಿತು, ಬಾಡಿಗೆಯ ಆಸೆ ಹುಟ್ಟಿತು, ಹಿತ್ತಲು ಎರಡು ಕೋಣೆಯಾಯಿತು. ಉಳಿದ ಮೂರು ಗಜಕ್ಕೂ ಟೈಲ್ಸು. "ಕಸ ಹೊಡಿಯೋದು ನಿನಗ ಸರಳ ಆಗ್ತದ" ಎಂದು ನಮಗೆ ಉಪಕಾರ ಮಾಡಿದಂತೆ ಹೇಳುತ್ತಾರೆ. ನಮ್ಮ ಮನೆಯಲ್ಲೂ ಈ ಮಾತು ಬಂತು, ಮೇಸ್ತ್ರಿ ಅಳತೆಯ ಟೇಪು ಹಿಡಿದು ಬಂದೂಬಿಟ್ಟ. ನಾನು ಬಾಳೆಯ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ, ಏಳಲಿಲ್ಲ. ಮೇಸ್ತ್ರಿ ಚಹಾ ಕುಡಿದು ಹೋದ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಾಡಿನಲ್ಲಿ ಟೈಲ್ಸಿನ ಹಿತ್ತಲು ಎಂದರೆ ಒಲೆಯ ಮೇಲಿನ ಹಂಚು. ಮಣ್ಣಿದ್ದರೆ ಮಳೆಯ ನೀರು ಒಳಗಿಳಿಯುತ್ತದೆ, ಗಿಡದ ನೆರಳಿರುತ್ತದೆ, ಇಬ್ಬರು ಹೆಂಗಸರು ಕುಳಿತು ಸೊಪ್ಪು ಸೋಸುತ್ತ ಮಾತಾಡುವ ತಂಪಿರುತ್ತದೆ. ಮನೆಯ ಮುಂಬಾಗಿಲು ಯಾರ ಹೆಸರಿನಲ್ಲೇ ಇರಲಿ, ಹಿತ್ತಲು ನಮ್ಮದಾಗಿತ್ತು. ಸುಂಡಿಲಿಯ ಮನೆ ಕಳೆದ ದಿನವೇ ನಮ್ಮದೂ ಕಳೆದಿದೆ, ಇದನ್ನು ಮರೆಯಬೇಡಿ.

ಇಂಗ್ಲೆಂಡಿನ ತೋಟಗಳಿಗೂ ಇದೇ ರೋಗ ತಗುಲಿತ್ತು. ಬೇಲಿ ಹೋಗಿ ಗೋಡೆ ಬಂದವು, ಔಷಧಿ ಸುರಿದರು, ರಸ್ತೆಗಳಲ್ಲಿ ಗಾಡಿಗೆ ಸಿಕ್ಕಿ ಸತ್ತವು. 2020ರಲ್ಲಿ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿ ಮುಳ್ಳಿಲಿ ಅಪಾಯಕ್ಕೊಳಗಾದ ಪ್ರಾಣಿಯೆಂದು ಸೇರಿತು. ಅಲ್ಲಿಯ ಜನ ಸುಮ್ಮನೆ ಕೂಡಲಿಲ್ಲ. 2011ರಿಂದ ಹೆಡ್ಜ್‌ಹಾಗ್ ಸ್ಟ್ರೀಟ್ ಎಂಬ ಚಳವಳಿ ನಡೆಸಿ, ನೆರೆಹೊರೆಯವರು ಮಾತಾಡಿಕೊಂಡು ತಮ್ಮ ಗೋಡೆ ಬೇಲಿಗಳ ಬುಡದಲ್ಲಿ 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಕಿಂಡಿ ಕೊರೆಯುತ್ತಿದ್ದಾರೆ. ಮುಳ್ಳಿಲಿ ಒಂದು ತೋಟದಿಂದ ಇನ್ನೊಂದಕ್ಕೆ ದಾಟಲೆಂದು. ಅವರಿಂದ ಕಲಿಯುವುದಾದರೆ ಈ ಕಿಂಡಿಯನ್ನು ಕಲಿಯೋಣ, ಕಂಪಾಸಿನ ಮೇಲಿನ ಚಿತ್ರವನ್ನಲ್ಲ.

ಅವರ ಪ್ರಾಣಿಯನ್ನೇ ತರಿಸಿ ಸಾಕುವ ಹುಚ್ಚಂತೂ ಬೇಡವೇ ಬೇಡ. ದೊಡ್ಡ ನಗರಗಳಲ್ಲಿ ಆಫ್ರಿಕದ ಪುಟ್ಟ ಮುಳ್ಳಿಲಿಯನ್ನು ಪಂಜರದಲ್ಲಿಟ್ಟು ಮಾರುವವರಿದ್ದಾರೆ. ರಾತ್ರಿಯೆಲ್ಲ ಅಲೆಯುವ ಜೀವವನ್ನು ಡಬ್ಬಿಯಲ್ಲಿಟ್ಟು ಮುದ್ದಾಡುವುದು ಯಾವ ಸೀಮೆಯ ಸ್ವಾಗತ? ಸುರಪುರದಲ್ಲಿ 1841ರಿಂದ 1853ರವರೆಗೆ ಇದ್ದ ಮೆಡೋಸ್ ಟೇಲರ್ ಸಾಹೇಬ ಗುಡ್ಡದ ಮೇಲೆ ಬಂಗಲೆ ಕಟ್ಟಿದ, ನಮ್ಮ ಪುಣ್ಯ, ಊರಿನ ಮುಳ್ಳಿಲಿ ತಂದು ಬಿಡಲಿಲ್ಲ. ನ್ಯೂಜಿಲೆಂಡಿಗೆ ಹೋದ ಇಂಗ್ಲಿಷರು ಆ ಶತಮಾನದಲ್ಲೇ ತವರಿನ ನೆನಪಿಗೆಂದು ಒಯ್ದು ಬಿಟ್ಟರು. ಅಲ್ಲಿ ಅದು ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ ತಿಂದು ಪೀಡೆಯಾಯಿತು, ಈಗ ಬೋನಿಟ್ಟು ಹಿಡಿಯುತ್ತಾರೆ. ನಮ್ಮ ಸುಂಡಿಲಿಯೂ ಹಡಗು ಹತ್ತಿ ಮಾರಿಷಸ್, ಗುವಾಮ್ ದ್ವೀಪಗಳಿಗೆ ಹೋಗಿ ಅಲ್ಲಿಯ ಸಣ್ಣ ಜೀವಗಳಿಗೆ ಕಂಟಕವಾಗಿದೆ. ಪ್ರಾಣಿ ತನ್ನ ಊರಿನಲ್ಲಿದ್ದರೆ ಸಂಸಾರಿ, ಪರರ ಊರಿಗೆ ಹೊತ್ತೊಯ್ದರೆ ದಂಡು. ಸುಂಡಿಲಿಯ ಊರು ಇದು. ಅದನ್ನು ಇಲ್ಲಿ ಪೀಡೆ ಎನ್ನುವ ಹಕ್ಕು ನಮಗಿಲ್ಲ.

ನಮ್ಮ ಜನಕ್ಕೆ ಇಂಥ ಸಹನೆ ಹೊಸದೂ ಅಲ್ಲ. ನಮ್ಮ ಜಿಲ್ಲೆಯ ಕಂದಕೂರಿನಲ್ಲಿ ನಾಗಪಂಚಮಿಯ ದಿನ ಕೊಂಡಮ್ಮಾಯಿಯ ಗುಡ್ಡಕ್ಕೆ ಜನ ಏರುತ್ತಾರೆ, ಕಲ್ಲೆತ್ತಿ ಚೇಳು ಹಿಡಿದು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಹಾಗೆ ಮಾಡಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಕೊಂಡಿಯಿರುವ ಚೇಳಿಗೆ ವರ್ಷಕ್ಕೊಂದು ಹಬ್ಬ ಕೊಟ್ಟ ಸೀಮೆಯವರು, ಕೊಂಡಿಯಿಲ್ಲದ ಸುಂಡಿಲಿಗೆ ಗೋಡೆಯ ಬುಡದ ಒಂದು ಮೊಳ ಜಾಗ ಕೊಡಲಾರರೆಂದರೆ ನಂಬುವ ಮಾತೇ?

ಕೊಡಬೇಕಾದದ್ದು ತೀರ ಸ್ವಲ್ಪ. ಹಿತ್ತಲ ಒಂದು ಮೂಲೆಯಲ್ಲಿ ನಾಲ್ಕು ಕಲ್ಲು, ಒಂದಿಷ್ಟು ಒಣಎಲೆ, ಹಳೆ ಕಟ್ಟಿಗೆ ಕದಲಿಸದೆ ಬಿಡಿ. ಕಂಪೌಂಡು ಕಟ್ಟಿಸುವಾಗ ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ಕಿಂಡಿ ಬಿಡಲು ಹೇಳಿ. ಬೇಸಿಗೆಯಲ್ಲಿ ಹಳೆಯ ಸಾಸರಿನಲ್ಲಿ ನೀರಿಡಿ, ಹಾಲು ಬೇಡ, ಅನ್ನವೂ ಬೇಡ. ನೆಲದ ನೀರಿನ ತೊಟ್ಟಿಗೆ ಮುಚ್ಚಳ ಹಾಕಿ. ಅಂಟು, ಪಾಷಾಣ, ಸ್ಪ್ರೇ ಹಿತ್ತಲಿಗೆ ತರಬೇಡಿ. ಇಲಿ ಕಾಟವಿದ್ದರೆ ಹಳೆಯ ತಂತಿಯ ಬೋನು ಸಾಕು. ಸುಂಡಿಲಿ ಬಿದ್ದರೆ ತಡಮಾಡದೆ ಬಾಗಿಲು ತೆರೆಯಿರಿ, ಅದಕ್ಕೆ ಬೆಳಗಿನವರೆಗೆ ಉಪವಾಸ ತಾಳುವ ಶಕ್ತಿಯಿಲ್ಲ.

ನೋಡುವ ಸುಖವೂ ಉಂಟು. ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ಧಾರಾವಾಹಿಗೆ ಓಡುವ ಮೊದಲು ಹತ್ತು ನಿಮಿಷ ಹಿತ್ತಲ ಮೆಟ್ಟಿಲ ಮೇಲೆ ಕೂಡಿ. ಬ್ಯಾಟರಿಯ ಬಾಯಿಗೆ ಕೆಂಪು ಬಣ್ಣದ ಕಾಗದ ಕಟ್ಟಿ, ಗೋಡೆಯ ಬುಡಕ್ಕೆ ಹಿಡಿಯಿರಿ. ಮೃಗಶಿರಾ ಮಳೆ ಬಿದ್ದು ರೆಕ್ಕೆಯ ಗೆದ್ದಲು ಏಳುವ ರಾತ್ರಿಯಾದರೆ ಇನ್ನೂ ಒಳ್ಳೆಯದು. ನಾನು ಹುಡುಗಿಯನ್ನು ಹಾಗೆ ಕೂರಿಸಿಕೊಂಡಾಗ ಮೊದಲು ದನಿ ಬಂತು, ಆಮೇಲೆ ಮೂತಿ, ಆಮೇಲೆ ತಾಯಿ, ಅದರ ಬಾಲಕ್ಕೆ ಮೂರು ಮರಿಗಳ ಸರಪಳಿ. ರೈಲಿನ ಡಬ್ಬಿಗಳಂತೆ ಬಾಳೆಯ ಬುಡ ಸುತ್ತಿ ಕಟ್ಟಿಗೆಯ ಕೆಳಗೆ ಹೋದವು. ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು. ಮರುದಿನ ತನ್ನ ನೋಟುಬುಕ್ಕಿನಲ್ಲಿ ಅದರ ಚಿತ್ರ ಬರೆದು ಕೆಳಗೆ ಕನ್ನಡದಲ್ಲಿ "ನಮ್ಮ ಸುಂಡಿಲಿ" ಎಂದು ಬರೆದಳು.

ಹೆಚ್ಚೆಂದರೆ ಒಂದೂವರೆ ಎರಡು ವರ್ಷ ಬಾಳುವ ಜೀವ ಅದು. ಆ ಎರಡು ವರ್ಷವನ್ನು ನಮ್ಮ ಗೋಡೆಗುಂಟ, ನಮ್ಮ ಜಿರಳೆ ತಿಂದು, ನಮಗೆ ಹೆದರಿಕೊಂಡೇ ಕಳೆಯುತ್ತದೆ. ಅಕ್ಕತಂಗಿಯರೇ, ಮುಂದಿನ ಸಲ ಅಂಗಡಿಯವನು ಅಂಟಿನ ಹಲಗೆ ಮುಂದಿಟ್ಟರೆ ಬೇಡವೆನ್ನಿ, ಏಕೆ ಬೇಡವೆಂದೂ ಹೇಳಿ. ಮೇಸ್ತ್ರಿ ಟೇಪು ಹಿಡಿದು ಬಂದರೆ ಕುರ್ಚಿ ಹಾಕಿಕೊಂಡು ಕೂಡಿ. ಕಸಬರಿಗೆ ಎತ್ತಿದ ಕೈ ಕೆಳಗಿಳಿಸಿ. ಹಿತ್ತಲನ್ನು ಉಳಿಸಿಕೊಂಡವಳಿಗೆ ಪ್ರಾಣಿಯನ್ನು ಹೊರಗಿನಿಂದ ಕರೆಯಬೇಕಾಗಿಲ್ಲ. ಅದು ಆಗಲೇ ಅಲ್ಲಿದೆ, ಕಟ್ಟಿಗೆಯ ಕೆಳಗೆ, ನೀವು ದೀಪ ಆರಿಸುವುದನ್ನೇ ಕಾಯುತ್ತ.